ಸರ್ಫ್‌ಬೋರ್ಡ್ ಹಿಡಿದ ಷಷ್ಟ್ಯಬ್ದಿ

ನನ್ನ ಗಂಡನಿಗೆ ಅರವತ್ತು ತುಂಬುತ್ತದೆ ಎನ್ನುವುದು ಊರಿಗೆಲ್ಲ ಸಂಭ್ರಮ, ನನಗೊಬ್ಬಳಿಗೆ ಸುಸ್ತು. ಅರವತ್ತಾದ ಗಂಡ ಹೆಂಡತಿಗೆ ಮತ್ತೊಮ್ಮೆ ತಾಳಿ ಕಟ್ಟಬೇಕು, ಅದಕ್ಕೆ ಷಷ್ಟ್ಯಬ್ದಿ ಅಂತ ಶಾಸ್ತ್ರವೇ ಇದೆ. ಮೊದಲ ಸಲ ಕಟ್ಟಿದ್ದೇ ಇನ್ನೂ ಕತ್ತಿನಲ್ಲಿ ಗಟ್ಟಿಯಾಗಿ ಕೂತಿದೆ, ಇನ್ನೊಂದು ಯಾಕೆ ಎಂದು ನಾನು ಕೇಳಿದರೆ ಮಗಳು ಅಪೇಕ್ಷಾ ನಗುತ್ತಾಳೆ. ಅಮ್ಮ ತಮಾಷೆ ಮಾಡುತ್ತಿದ್ದಾಳೆ ಎಂದು ಅವಳ ಲೆಕ್ಕ.

ನಾನಿರುವುದು ಲಾಸ್ ಏಂಜಲೀಸಿನ ವುಡ್‌ಲ್ಯಾಂಡ್ ಹಿಲ್ಸ್‌ನಲ್ಲಿ, ಇನ್ಶೂರೆನ್ಸ್ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟ್ ಮಾಡುವ ಕೆಲಸ. ಇವರು, ಅಂದರೆ ನನ್ನ ಗಂಡ ಇಂದುಧರ, ಇರುವುದು ಕಾರಿನಲ್ಲಿ ಮೂರು ಗಂಟೆ ದೂರದ ಸ್ಯಾನ್ ಡಿಯೇಗೋ ಕಡೆಯ ಪೊವೇಯಲ್ಲಿ. ಇವರಿಗೆ ಅಲ್ಲಿ ಕೆಲಸ ಸಿಕ್ಕಾಗ ಅಪೇಕ್ಷಾ ಹೈಸ್ಕೂಲಿನಲ್ಲಿದ್ದಳು. ಅವಳ ಸ್ಕೂಲ್ ಮುಗಿಯಲಿ ಎಂದು ನಾನು ಇಲ್ಲೇ ಉಳಿದೆ. ಆಮೇಲೆ ಕಾಲೇಜು ಮುಗಿಯಲಿ, ಆಮೇಲೆ ನನ್ನ ಪ್ರಾಜೆಕ್ಟ್ ಮುಗಿಯಲಿ. ಮುಗಿಯುವುದು ಯಾವುದೂ ಮುಗಿಯಲಿಲ್ಲ. ಒಂದು ವಾರಾಂತ್ಯ ಅವರು ಬರುವುದು, ಮುಂದಿನ ವಾರಾಂತ್ಯ ನಾನು ಹೋಗುವುದು. ಫ್ರೀವೇ ಟ್ರಾಫಿಕ್ಕಿನಲ್ಲಿ ಕೂತು ಕೂತು ನನ್ನ ಸೊಂಟ ಹೋಯಿತು, ಅವರ ಮಂಡಿ ಹೋಯಿತು. ಅಪೇಕ್ಷಾ ಮದುವೆಯಾಗಿ ಸ್ಯಾನ್ ಡಿಯೇಗೋದ ಕಾರ್ಮೆಲ್ ವ್ಯಾಲಿಗೆ ಹೋಗಿ ವರ್ಷಗಳಾದರೂ ನಾವಿಬ್ಬರು ಅಲ್ಲೊಬ್ಬರು ಇಲ್ಲೊಬ್ಬರು.

ನಡುವೆ ಕೋವಿಡ್ ಬಂದಾಗ ಇವರ ಆಫೀಸ್ ಮುಚ್ಚಿತು. ಲ್ಯಾಪ್‌ಟಾಪ್ ಹೊತ್ತುಕೊಂಡು ನನ್ನ ಮನೆಗೆ ಬಂದುಬಿಟ್ಟರು. ವರ್ಷಕ್ಕೂ ಮೇಲೆ ಒಂದೇ ಸೂರಿನಡಿ ಇದ್ದೆವು. ಬೆಳಗಿನ ಕಾಫಿ ಲೋಟ ಕೆಳಗಿಡುವ ಮೊದಲೇ ಮಧ್ಯಾಹ್ನ ಊಟಕ್ಕೇನು ಎನ್ನುವ ಪ್ರಶ್ನೆ. ಮೀಟಿಂಗಿನಲ್ಲಿ ಇವರ ಗಂಟಲು ಬೀದಿಗೆ ಕೇಳುತ್ತಿತ್ತು. ನನ್ನ ಮಸಾಲೆ ಡಬ್ಬಿಗಳನ್ನೆಲ್ಲ ಅಕ್ಷರಾನುಕ್ರಮದಲ್ಲಿ ಜೋಡಿಸಿಟ್ಟರು, ಅದೂ ಇಂಗ್ಲಿಷ್ ಅಕ್ಷರಾನುಕ್ರಮ. ಕೆಟ್ಟ ಮನುಷ್ಯರಲ್ಲ, ಹೊಡೆದವರಲ್ಲ ಬೈದವರಲ್ಲ. ಆದರೂ ಆಫೀಸ್ ಮತ್ತೆ ತೆರೆದು ಇವರ ಕಾರು ತಿರುವಿನಲ್ಲಿ ಮರೆಯಾದ ಮೇಲೆ ನಾನು ಬಾಗಿಲು ಹಾಕಿಕೊಂಡು ಸೋಫಾದ ಮೇಲೆ ಬಿದ್ದೆ, ಸಂಜೆಯವರೆಗೆ ಏಳಲಿಲ್ಲ. ಅಷ್ಟು ಒಳ್ಳೆಯ ನಿದ್ದೆ ಎಷ್ಟೋ ವರ್ಷಗಳಿಂದ ಬಂದಿರಲಿಲ್ಲ. ಇದನ್ನು ನಾನು ಯಾರಿಗೂ ಹೇಳಿಲ್ಲ, ಹೇಳುವಂಥ ಮಾತೂ ಅಲ್ಲ.

ಈಗ ಬಂತಲ್ಲ ಷಷ್ಟ್ಯಬ್ದಿ. ಯುಗಾದಿ ಊಟಕ್ಕೆ ಸ್ನೇಹಿತರ ಮನೆಗೆ ಹೋಗಿದ್ದಾಗ ಇವರು ಎಲ್ಲರೆದುರು ಹೇಳಿದರು.

“ಹೋಮ, ಶಾಂತಿ ಎಲ್ಲ ಮುಗಿದ್ಮೇಲೆ ವುಡ್‌ಲ್ಯಾಂಡ್ ಹಿಲ್ಸ್ ಮನೆ ಮಾರಿಬಿಡ್ತೀವಿ. ರಾಜಿ ರಿಟೈರ್ ಆಗಿ ಪೊವೇಗೆ ಬಂದುಬಿಡ್ತಾಳೆ.”

ರಾಜಿ ಎಂದರೆ ನಾನೇ, ರಾಜಲಕ್ಷ್ಮಿ. ಕೈಯಲ್ಲಿ ಒಬ್ಬಟ್ಟಿನ ತಟ್ಟೆ ಹಿಡಿದು ನಿಂತಿದ್ದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಮನೆ ಮಾರುವ ಸುದ್ದಿ ನನಗೆ ಸಿಕ್ಕಿದ್ದು ಹೀಗೆ. ಮೂವತ್ತು ವರ್ಷಗಳ ಹಿಂದೆ ತುಮಕೂರಿನಲ್ಲಿ ಇವರು ನೋಡಲು ಬಂದಾಗಲೂ ಹಾಡು ಬರುತ್ತಾ ಎಂದು ಕೇಳಿದರೇ ಹೊರತು ಹುಡುಗ ಇಷ್ಟವಾದನಾ ಎಂದು ಒಬ್ಬರೂ ಕೇಳಿರಲಿಲ್ಲ. ಆಗ ನನಗೆ ಕೋಪ ಬಂದಿರಲಿಲ್ಲ. ಅವತ್ತಿನದೂ ಸೇರಿ ಈಗ ಬಂತು.

ಇದರ ಮೇಲೆ ಅಪೇಕ್ಷಾಳ ಥೀಮ್ ಬೇರೆ. ಇಲ್ಲಿಯ ಮಕ್ಕಳಿಗೆ ಥೀಮ್ ಇಲ್ಲದೆ ಸತ್ಯನಾರಾಯಣ ಪೂಜೆಯೂ ಆಗುವುದಿಲ್ಲ. ಅಪ್ಪನಿಗೆ ಹಳೇ ಬೀಚ್ ಸಿನಿಮಾಗಳೆಂದರೆ ಪ್ರಾಣ ಎಂದು ಅವಳಿಗೆ ಗೊತ್ತು. ಇವರು ಹುಟ್ಟುವ ಹೊತ್ತಿಗೆ ಹಾಲಿವುಡ್ಡಿನವರು ಸಾಲುಸಾಲಾಗಿ ತೆಗೆದು ಗುಡ್ಡೆ ಹಾಕಿದ ಚಿತ್ರಗಳು. ಹದಿಹರೆಯದ ಹುಡುಗ ಹುಡುಗಿಯರು ಮರಳಿನಲ್ಲಿ ಕುಣಿಯುವುದು, ಹಲಗೆ ಏರಿ ಅಲೆಗಳ ಮೇಲೆ ಸರ್ಫ್ ಮಾಡುವುದು, ಜಗಳವಾಡಿ ರಾಜಿಯಾಗುವುದು, ಅಷ್ಟೇ ಕಥೆ.

ನಾವು ಮದುವೆಯಾಗಿ ಬಂದ ಹೊಸದರಲ್ಲಿ ಇವರಿನ್ನೂ ಲಾಸ್ ಏಂಜಲೀಸಿನಲ್ಲಿ ಓದುತ್ತಿದ್ದರು. ಕಾರಿಲ್ಲ, ಗುರುತಿನವರಿಲ್ಲ. ಲೈಬ್ರರಿಯಲ್ಲಿ ಪುಕ್ಕಟೆ ಸಿಗುತ್ತಿದ್ದ ಆ ಸಿನಿಮಾ ಕ್ಯಾಸೆಟ್‌ಗಳೇ ನಮಗೆ ನೆಂಟರು. ನಾನು ಇಂಗ್ಲಿಷ್ ಮಾತು ಕಲಿತದ್ದೇ ಅವುಗಳಿಂದ. ಮೂವತ್ತರ ಗಂಡಸರು ಹದಿನೆಂಟರ ಹುಡುಗರಾಗಿ ನಟಿಸುತ್ತಿದ್ದರು. ಹುಡುಗಿ ಸಮುದ್ರದಲ್ಲಿ ಮುಳುಗಿ ಎದ್ದರೂ ಕೂದಲು ಬಾಚಿದಂತೆಯೇ ಇರುತ್ತಿತ್ತು. ಅಪ್ಪ ಅಮ್ಮ ಅನ್ನುವ ಪ್ರಾಣಿಗಳೇ ಇಲ್ಲ. ಯಾರೂ ಅಡಿಗೆ ಮಾಡುವುದಿಲ್ಲ, ಯಾರಿಗೂ ಬೆಳಗ್ಗೆ ಎದ್ದು ಹೋಗುವ ಕೆಲಸವಿಲ್ಲ. ಇವರು ಬಿದ್ದು ಬಿದ್ದು ನಗುತ್ತಿದ್ದರು. ನನಗೆ ಹಿಡಿಸಿದ್ದು ಒಂದೇ. ಎಂಥ ಪೆದ್ದ ಹುಡುಗನಾದರೂ ಕೊನೆಗೆ ಹುಡುಗಿಯ ಮುಂದೆ ನಿಂತು, ತೊದಲುತ್ತಾ, ನಿನಗೆ ಇಷ್ಟವಾ ಎಂದು ಕೇಳಲೇಬೇಕಿತ್ತು.

ಅಪೇಕ್ಷಾ ಅಂಥದ್ದೇ ದೃಶ್ಯ ಬರೆದಿದ್ದಳು. ಬೆಳಗ್ಗೆ ಹೋಮ, ಮಧ್ಯಾಹ್ನ ಅವಳ ಮನೆ ಹತ್ತಿರದ ಡೆಲ್ ಮಾರ್ ಬೀಚಿನಲ್ಲಿ ಪಾರ್ಟಿ. ಅಲ್ಲಿ ಅಪ್ಪ ಸರ್ಫ್‌ಬೋರ್ಡ್ ಹಿಡಿದು ಬಂದು, ಮಂಡಿಯೂರಿ, ಮತ್ತೆ ನನ್ನನ್ನು ಮದುವೆಯಾಗುತ್ತೀಯಾ ಎಂದು ಕೇಳಬೇಕು. ಅಮ್ಮ ಯೆಸ್ ಅನ್ನಬೇಕು. ಪೂರ್ತಿ ನಾಟಕದಲ್ಲಿ ನನಗಿದ್ದದ್ದು ಅದೊಂದೇ ಮಾತು.

ಎರಡು ವಾರ ಮೊದಲು, ಜೂನ್ ತಿಂಗಳ ಒಂದು ಶನಿವಾರ, ರಿಹರ್ಸಲ್ಲಿಗೆ ಕರೆಸಿದಳು. ವಾರವಿಡೀ ಕೆಲಸ ಮಾಡಿ, ಬೆಳಗ್ಗೆ ಎದ್ದು ಅಷ್ಟು ದೂರ ಡ್ರೈವ್ ಮಾಡಿಕೊಂಡು ಹೋದೆ. ಕಡಲ ಮೇಲೆ ಬೂದಿ ಬಣ್ಣದ ಮೋಡ, ತಣ್ಣನೆಯ ಗಾಳಿ. ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು ನಿಂತೆ. ಇವರು ಹೂವಿನ ಅಂಗಿ ತೊಟ್ಟು, ಬಾಡಿಗೆಯ ಬೋರ್ಡನ್ನು ಕಂಕುಳಲ್ಲಿ ಇರುಕಿಕೊಂಡು ಬಂದರು. ಬೋರ್ಡು ಇವರಿಗಿಂತ ಉದ್ದವಿತ್ತು. ಒಂದು ಕೈಯನ್ನು ಮರಳಿಗೆ ಊರಿ, ಅಮ್ಮಾ ಎಂದು ನರಳುತ್ತಾ ಮಂಡಿಯೂರಿದರು. ಅಪೇಕ್ಷಾ ಫೋನ್ ಹಿಡಿದು ವಿಡಿಯೋ ತೆಗೆಯುತ್ತಿದ್ದಳು.

ಇವರು ಇಂಗ್ಲಿಷಿನಲ್ಲಿ ತಮ್ಮ ಮಾತು ಒಪ್ಪಿಸಿದರು. ಮತ್ತೆ ನನ್ನನ್ನು ಮದುವೆಯಾಗುತ್ತೀಯಾ.

ನಾನು ಸ್ವೆಟರಿನ ಗುಂಡಿ ಹಾಕಿಕೊಂಡೆ.

“ಅಮ್ಮಾ, ಯುವರ್ ಲೈನ್,” ಎಂದಳು ಮಗಳು.

“ಗೊತ್ತಿಲ್ಲ,” ಎಂದೆ.

“ಮರೆತುಹೋಯ್ತಾ? ಜಸ್ಟ್ ಯೆಸ್ ಅನ್ನು, ಅಷ್ಟೇ.”

“ಮರೆತಿಲ್ಲ. ಗೊತ್ತಿಲ್ಲ ಅಂದೆ.”

ಅವಳು ನಕ್ಕಳು. ನಾನು ನಗಲಿಲ್ಲ. ಇವರೂ ನಗಲಿಲ್ಲ. ಮರಳಿನ ಮೇಲೆ ಮಂಡಿಯೂರಿದವರು ಅಲ್ಲಿಂದಲೇ ನನ್ನ ಮುಖ ನೋಡಿದರು, ನೋಡುತ್ತಲೇ ಇದ್ದರು. ಆಮೇಲೆ ಮಗಳಿಗೆ ಹೇಳಿದರು. “ಅಪ್ಪೀ, ಫೋನ್ ಆಫ್ ಮಾಡು. ಹೋಗಿ ಮೂರು ಕಾಫಿ ತಗೊಂಬಾ.”

ಅವಳು ಹೋದ ಮೇಲೆ ಕೈ ಚಾಚಿದರು. ಎಬ್ಬಿಸಿ ನಿಲ್ಲಿಸಲು ನಾನು ಎಳೆದೆ. ನನ್ನ ಸೊಂಟ ಹಿಡಿಯಿತು, ಅವರ ಮಂಡಿ ಏಳಲಿಲ್ಲ. ಕೊನೆಗೆ ನಾನೇ ಪಕ್ಕದಲ್ಲಿ ಮರಳಿನ ಮೇಲೆ ಕೂತೆ.

“ಏನಾಯ್ತೇ?”

“ಯಾರೂ ನನ್ನ ಕೇಳ್ಲಿಲ್ಲ ರೀ. ಮನೆ ಮಾರೋದು ಕೇಳ್ಲಿಲ್ಲ, ಪೊವೇಗೆ ಬರ್ತೀಯಾ ಅಂತ ಕೇಳ್ಲಿಲ್ಲ. ತಾಳಿ ಕಟ್ಟಿಸ್ಕೋತೀಯಾ ಅಂತ್ಲೂ ಕೇಳ್ಲಿಲ್ಲ. ಎಲ್ಲಾ ನೀವೇ ನಿಶ್ಚಯ ಮಾಡ್ಕೊಂಡು, ನಂಗೆ ಒಂದು ಯೆಸ್ ಬರೆದುಕೊಟ್ಟಿದ್ದೀರ.”

“ನಿಂಗೆ ಇಷ್ಟ ಇರತ್ತೆ ಅಂದ್ಕೊಂಡೆ.”

“ಅಂದ್ಕೊಳ್ತೀರ, ಗೊತ್ತು.”

ಇವರು ಕಡಲಿನ ಕಡೆ ತಿರುಗಿದರು. ಕಪ್ಪು ರಬ್ಬರ್ ಸೂಟ್ ತೊಟ್ಟ ಹುಡುಗರು ನೀರಿನಲ್ಲಿ ಬೋರ್ಡಿನ ಮೇಲೆ ಸುಮ್ಮನೆ ಕೂತಿದ್ದರು. ಅವರಿಗೂ ಸವಾರಿಗೆ ತಕ್ಕ ಅಲೆ ಬಂದಿರಲಿಲ್ಲ.

“ಸರಿ, ಈಗ ಕೇಳ್ತೀನಿ,” ಎಂದರು ಇವರು, ಕನ್ನಡದಲ್ಲಿ. “ನನ್ ಜೊತೆ ಬಂದು ಇರ್ತೀಯಾ? ನಿಜವಾಗ್ಲೂ ನಿಂಗೆ ಇಷ್ಟ ಇದ್ಯಾ?”

ಮೂವತ್ತು ವರ್ಷದಿಂದ ಬೇಕಾಗಿದ್ದ ಪ್ರಶ್ನೆ ಬಂತು. ಹೂಂ ಅನ್ನೋಣವೆಂದರೆ ಸೋಫಾದ ಮೇಲಿನ ಆ ನಿದ್ದೆ ನೆನಪಾಯಿತು. ಊಹೂಂ ಅನ್ನೋಣವೆಂದರೆ ಪಕ್ಕದಲ್ಲಿ ಈ ಮನುಷ್ಯ ಹೂವಿನ ಅಂಗಿಯಲ್ಲಿ ಚಳಿಗೆ ನಡುಗುತ್ತಿದ್ದರು. ಸ್ವೆಟರ್ ಬಿಚ್ಚಿ ಹೊದಿಸಬೇಕು ಅನ್ನಿಸಿತು. ಅದು ಪ್ರೀತಿಯೋ ಅಭ್ಯಾಸವೋ, ದೇವರಾಣೆ ನನಗೆ ಗೊತ್ತಾಗಲಿಲ್ಲ. ಅಳು ಬಂತು.

“ಸುಸ್ತಾಗಿದೆ ರೀ. ಯೋಚನೆ ಮಾಡ್ಬೇಕು.”

“ಎಷ್ಟು ದಿನ?”

“ಅದೂ ಗೊತ್ತಿಲ್ಲ.”

“ಸರಿ, ಮಾಡು,” ಎಂದರು. ಕಾಫಿ ಬಂತು. ನಾನೂ ಮಗಳೂ ಸೇರಿ ಇವರನ್ನು ಎಬ್ಬಿಸಿದೆವು.

ಅವತ್ತು ಪೊವೇಯ ಮನೆಯಲ್ಲೇ ಉಳಿದೆ. ಇವರು ಈ ಮಾತು ಬಿಟ್ಟು ಸುಮ್ಮನಾಗಿಬಿಡುತ್ತಾರೆ, ಮುಹೂರ್ತದ ದಿನ ನಾನೂ ಹಸೆಮಣೆಯ ಮೇಲೆ ಕೂತುಬಿಡುತ್ತೇನೆ ಎಂದುಕೊಂಡಿದ್ದೆ. ಆಗುವುದೇ ಹಾಗೆ. ಬೆಳಗ್ಗೆ ಎದ್ದು ಅಡಿಗೆಮನೆಗೆ ಬಂದರೆ ಇವರು ಆಗಲೇ ಫೋನ್ ಹಿಡಿದು ಊಟದ ಮೇಜಿಗೆ ಕೂತಿದ್ದರು. ಆ ಕಡೆ ಅಪೇಕ್ಷಾ; ಕಾರ್ಯಕ್ರಮ ಈಗ ಬೇಡ ಎಂದು ಅವಳಿಗೆ ಹೇಳಿದ್ದರು. ಹಾಲ್ ಬುಕ್ ಆಗಿದೆ, ಅಡಿಗೆಯವರಿಗೆ ಹೇಳಿಯಾಗಿದೆ ಎಂದು ಇಂಗ್ಲಿಷಿನಲ್ಲಿ ಕೂಗಾಡಿದಳು. ಅಮೆರಿಕದಲ್ಲಿ ಹುಟ್ಟಿ ಬೆಳೆದ ಮಗು, ‘ಜನ ಏನಂತಾರೆ’ ಅನ್ನುವುದನ್ನು ಮಾತ್ರ ಅಚ್ಚಗನ್ನಡದಲ್ಲಿ ಕೇಳಿತು.

“ಅಂದ್ಕೊಳ್ಲಿ ಬಿಡಮ್ಮ,” ಎಂದು ಇವರು ಫೋನ್ ಇಟ್ಟರು.

“ನಂಗೆ ಸೊಂಟ ನೋವು ಅಂತ ಹೇಳಿಬಿಡಿ ಎಲ್ರಿಗೂ,” ಎಂದೆ. ಮರ್ಯಾದೆ ಹೋಗುವುದು ಇವರದಲ್ಲವೇ, ಪಾಪ ಅನ್ನಿಸಿತು.

ಇವರು ಪುರೋಹಿತರ ನಂಬರ್ ಒತ್ತಿದರು. ನಾನು ಒಲೆಯ ಕಡೆ ತಿರುಗಿ ಹಾಲಿಟ್ಟೆ.

“ನಮಸ್ಕಾರ ಭಟ್ಟರೇ, ಇಂದುಧರ. ಆ ಮುಹೂರ್ತ ಈಗ ಬೇಡ. ಇಲ್ಲ ಇಲ್ಲ, ಸೂತಕ ಗೀತಕ ಏನಿಲ್ಲ, ಇಬ್ರೂ ಆರೋಗ್ಯವಾಗಿದ್ದೀವಿ. ಹುಡುಗಿ ಇನ್ನೂ ಒಪ್ಪಿಲ್ಲ.”