ನಾಲ್ಕು ಅಂತಸ್ತಿನ ಪೆಟ್ಟಿಗೆ

ಅಂಜನಾ ಕಲಬುರಗಿಯ ಸೇಡಂ ರಸ್ತೆಯ ಒಂದು ಬಾಡಿಗೆ ಕೋಣೆಯಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದಳು. ಮದುವೆಯ ಹಂಗಾಮು ಬಂತೆಂದರೆ ಕೋಣೆಗೆ ಬೀಗ ಹಾಕಿ, ಸಾಮಾನಿನ ಚೀಲಗಳನ್ನು ಹೊತ್ತು ಮದುಮಗಳ ಮನೆಗೇ ಹೋಗಬೇಕಾಗುತ್ತಿತ್ತು. ಆ ಚೀಲಗಳದ್ದೇ ಅವಳಿಗೆ ದೊಡ್ಡ ತಲೆನೋವು. ಪಿನ್ನು ಬೇಕಾದಾಗ ಬಳೆ ಕೈಗೆ ಬರುತ್ತಿತ್ತು, ಬಳೆ ಬೇಕಾದಾಗ ಬಾಚಣಿಗೆ. ಹೋದ ವರ್ಷ ಒಂದು ಮದುವೆಯಲ್ಲಿ ಕಾಡಿಗೆಯ ಡಬ್ಬಿ ಒಡೆದು, ಪೌಡರೆಲ್ಲ ಬೂದಿಯ ಬಣ್ಣಕ್ಕೆ ತಿರುಗಿತ್ತು.

ಹೀಗಿರುವಾಗ, ಪಕ್ಕದ ದವಾಖಾನೆಗೆ ಎ.ಸಿ. ರಿಪೇರಿಗೆ ಬಂದ ಮೆಕ್ಯಾನಿಕ್ ಹತ್ತಿರ ಅವಳು ಹೊಸ ಬಗೆಯ ಪೆಟ್ಟಿಗೆಗಳನ್ನು ನೋಡಿದಳು. ಕರಿ ಪ್ಲಾಸ್ಟಿಕ್ಕಿನವು, ಒಂದರ ಮೇಲೊಂದು ಕೂರುವಂಥವು. ಕೆಳಗಿನದರ ಮುಚ್ಚಳದಲ್ಲಿದ್ದ ತಗ್ಗಿನೊಳಗೆ ಮೇಲಿನದರ ಕಾಲುಗಳು ಸರಿಯಾಗಿ ಇಳಿಯುತ್ತಿದ್ದವು. ಎರಡೂ ಬದಿಯ ಕ್ಲಿಪ್ ಒತ್ತಿದರೆ ಎಲ್ಲ ಸೇರಿ ಒಂದೇ ಪೆಟ್ಟಿಗೆ. ತಳದ್ದಕ್ಕೆ ಗಾಲಿ, ಎಳೆದೊಯ್ಯಲು ಹಿಡಿಕೆ. ಮರುದಿನವೇ ಅವಳು ಚಾಂದಪಾಶಾನ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಅಂಥ ನಾಲ್ಕು ಪೆಟ್ಟಿಗೆ ತಂದಳು. ಇವು ಪಾನಾ, ಡ್ರಿಲ್‌ನಂಥ ರಿಪೇರಿ ಸಾಮಾನು ಇಡಲಿಕ್ಕೆ ಎಂದು ಅವನು ಎರಡೆರಡು ಸಲ ಹೇಳಿದ. ತನ್ನದೂ ಒಂದು ನಮೂನಿ ರಿಪೇರಿ ಕೆಲಸವೇ ಎಂದು ಅಂಜನಾ ನಕ್ಕಳು.

ಮನೆಯಲ್ಲಿ ಅತ್ತೆ ಅಂಬಮ್ಮ ಪೆಟ್ಟಿಗೆಗಳ ಸುತ್ತ ಒಂದು ಸುತ್ತು ಹಾಕಿ, ಇದರೊಳಗೆ ಸಂಸಾರವನ್ನೇ ತುಂಬಬಹುದಲ್ಲ ಎಂದರು. ಅಂಜನಾ ತಳದ ಪೆಟ್ಟಿಗೆಯಲ್ಲಿ ಹೇರ್ ಡ್ರೈಯರ್, ಲೈಟು, ಅಂಗಡಿಯಲ್ಲಿ ಕೊಂಡ ಸಿದ್ಧ ಜಡೆ ಇಟ್ಟಳು. ಅದರ ಮೇಲಿನದರಲ್ಲಿ ಪೌಡರು, ಬಣ್ಣ, ಬ್ರಷ್ಷುಗಳು. ಮೂರನೆಯದರಲ್ಲಿ ಪಿನ್ನು, ಬಾಚಣಿಗೆ, ಬಳೆ. ಎಷ್ಟು ತುಂಬಿದರೂ ನಾಲ್ಕನೆಯದು ಖಾಲಿ ಉಳಿಯಿತು.

ಆ ವಾರವೇ ಕಮಲಾಪುರದಿಂದ ಮದುವೆಯ ಕರೆ ಬಂತು. ಪಾರ್ಲರಿನ ಕೆಲಸಕ್ಕೆ ಸದಾ ಜೊತೆಗೆ ಬರುತ್ತಿದ್ದ ಹುಡುಗಿ ಅಲ್ಫಿಯಾಗೆ ಅಂದೇ ಪರೀಕ್ಷೆ. ಒಬ್ಬಳೇ ಹೇಗೆ ಹೋಗಲಿ ಎಂದು ಅಂಜನಾ ಯೋಚಿಸುತ್ತಿದ್ದಾಗ ಅಂಬಮ್ಮ ತಾವು ಬರುವುದಾಗಿ ಹೇಳಿದರು. ಊರು ಬಿಟ್ಟು ಕಲಬುರಗಿಗೆ ಬಂದ ಮೇಲೆ ಅವರು ಮನೆ, ಮಠ, ತರಕಾರಿ ಬಜಾರು ಬಿಟ್ಟು ಬೇರೆಲ್ಲಿಗೂ ಹೋದವರಲ್ಲ. ಅಂಜನಾಗೆ ಅಚ್ಚರಿಯಾಯಿತು. ಹೊರಡುವ ದಿನ ಅತ್ತೆ ನಸುಕಿನಲ್ಲೇ ಬಜಾರಿಗೆ ಹೋಗಿ ಬಂದು ನಾಲ್ಕನೆಯ ಪೆಟ್ಟಿಗೆಯಲ್ಲಿ ಏನೋ ಇಟ್ಟುಕೊಂಡರು. ಬುತ್ತಿ ಇರಬೇಕೆಂದು ಅವಳು ಕೇಳಲೇ ಇಲ್ಲ.

ಬೀದರಿಗೆ ಹೋಗುವ ಬಸ್ಸು ತುಂಬಿತ್ತು. ಪೆಟ್ಟಿಗೆಗಳನ್ನು ಅಂಬಮ್ಮನ ಸೀಟಿನ ಪಕ್ಕ ನಿಲ್ಲಿಸಿ ಅಂಜನಾ ಬಾಗಿಲ ಹತ್ತಿರ ನಿಂತಳು. ದಾರಿಯಲ್ಲಿ ಅಂಬಮ್ಮನಿಗೆ ಅಡಿಕೆ ಬೇಕಾಯಿತು. ತಮ್ಮ ಪೆಟ್ಟಿಗೆ ತೆರೆಯಲು ಹೋಗಿ ನಡುವಿನ ಕ್ಲಿಪ್ಪುಗಳನ್ನೂ ಬಿಚ್ಚಿ, ಅಡಿಕೆ ತೆಗೆದುಕೊಂಡು, ಮುಚ್ಚಳ ಮಾತ್ರ ಹಾಕಿದರು. ಕಮಲಾಪುರದಲ್ಲಿ ಅಂಜನಾ ಇಳಿದು ಕೈ ಚಾಚಿದಾಗ, ಯಾರೋ ಪುಣ್ಯಾತ್ಮರು ಮೇಲಿನ ಹಿಡಿಕೆ ಹಿಡಿದು ಎತ್ತಿ ಕೊಟ್ಟರು. ಅಂಬಮ್ಮ ಇಳಿದದ್ದೇ ತಡ, ಕಂಡಕ್ಟರ್ ಸೀಟಿ ಊದಿದ, ಬಸ್ಸು ಹೊರಟಿತು. ಅಂಜನಾ ಕೈಯಲ್ಲಿದ್ದದ್ದನ್ನು ನೋಡಿದಳು. ಮೇಲಿನ ಎರಡೇ ಪೆಟ್ಟಿಗೆ. ಬಣ್ಣ, ಬ್ರಷ್ಷು, ಜಡೆ, ಎಲ್ಲವೂ ಬೀದರಿನ ಕಡೆ ಹೋಗುತ್ತಿದ್ದವು.

ಕರೆದೊಯ್ಯಲು ಬೈಕಿನಲ್ಲಿ ಬಂದಿದ್ದ ಮದುಮಗಳ ಅಣ್ಣ ಸುನೀಲಕುಮಾರನಿಗೆ ಅವಳು ತಡವರಿಸುತ್ತ ನಡೆದದ್ದನ್ನು ಹೇಳಿದಳು. ಅವನು ಇವರಿಬ್ಬರನ್ನು ಆಟೋ ಹತ್ತಿಸಿ, ಬೈಕು ತಿರುಗಿಸಿ ಬಸ್ಸಿನ ಹಿಂದೆ ಹೋದ. ಆಟೋದಲ್ಲಿ ಅಂಜನಾ ರಸ್ತೆಯ ಕಡೆಗೇ ಮುಖ ಮಾಡಿ ಕೂತಳು. ಬಾಯಿ ತೆರೆದರೆ ಅತ್ತೆಗೆ ಏನಾದರೂ ಅಂದುಬಿಟ್ಟೇನೆಂಬ ಅಂಜಿಕೆ.

ಮದುಮಗಳ ಮನೆ ಮುಟ್ಟುವ ಹೊತ್ತಿಗೆ ಅಂಬಮ್ಮನೇ ಮೆಲ್ಲಗೆ ಅಂದರು: "ನನ್ನ ಕೈಯಿಂದ ಆದ ತಪ್ಪು ಯವ್ವಾ ಇದು. ಅಂವ ಬರೋತನಕ ನಾ ಸುಮ್ಮ ಕೂಡಂಗಿಲ್ಲ. ಹುಡುಗಿ ತಲಿ ನನಗ ಬಿಡು."

ಅವರು ತಮ್ಮ ಪೆಟ್ಟಿಗೆ ತೆರೆದರು. ಒದ್ದೆ ಬಟ್ಟೆಯಲ್ಲಿ ಸುತ್ತಿದ ಮಲ್ಲಿಗೆ ಮೊಗ್ಗಿನ ರಾಶಿ, ಕನಕಾಂಬರ, ಉದ್ದ ಸೂಜಿ, ದಾರ, ಬಾಳೆಪಟ್ಟೆ. ಇದೆಲ್ಲ ಯಾಕೆ ಎಂದು ಅಂಜನಾ ಕೇಳಿದಳು. ತಮ್ಮ ಮದುವೆಗೆ ಮುಂಚೆ ಅತ್ತೆ ತವರಿನ ಓಣಿಯ ಮದುಮಕ್ಕಳಿಗೆಲ್ಲ ಮೊಗ್ಗಿನ ಜಡೆ ಹೆಣೆದವರೆಂದು ಅವಳಿಗೆ ಗೊತ್ತಾದದ್ದು ಆಗಲೇ. ಅದುವರೆಗೆ ಅವಳು ಎಂದೂ ಕೇಳಿರಲಿಲ್ಲ, ಅವರು ಎಂದೂ ಹೇಳಿರಲಿಲ್ಲ.

ಮದುಮಗಳು ನಾಗರತ್ನಾ ಬೆಳಗಿನಿಂದ ಹೆದರಿ ಮಂಕಾಗಿದ್ದಳು. ಅಂಬಮ್ಮ ಅವಳನ್ನು ಮಣೆಯ ಮೇಲೆ ಕೂರಿಸಿ, ಸೂಜಿ ಆಡಿಸುತ್ತ ತಮ್ಮ ಮದುವೆಯ ಕಥೆ ತೆಗೆದರು. ಅಂದು ಜಡೆ ಎಷ್ಟು ಭಾರವಾಗಿತ್ತೆಂದರೆ, ಅಕ್ಷತೆ ಬೀಳುವಾಗ ತಲೆ ಹಿಂದಕ್ಕೆ ವಾಲಿ, ಗಂಡನ ಮುಖದ ಬದಲು ಹಂದರದ ತೆಂಗಿನ ಗರಿಯನ್ನೇ ನೋಡಿದರಂತೆ.

"ಖರೇನಾ ಆಯಿ?" ಎಂದಳು ನಾಗರತ್ನಾ.

"ಖರೇ ಅವ್ವಾ. ಅವರ ಮಾರಿ ನಾ ಸರಿಯಾಗಿ ನೋಡಿದ್ದು ಮರುದಿನ ಊಟಕ್ಕ ಕುಂತಾಗ. ಅದಕ್ಕ ನಿಂದು ಹಗರ ಹೆಣಿಯಾಕತ್ತೀನಿ. ನೀ ನಿನ್ನ ಗಂಡನ ಮಾರಿ ಛಲೋತ್ನ್ಯಾಗ ನೋಡಿಕೋ."

ನಾಗರತ್ನಾ ನಕ್ಕಳು. ಕೋಣೆಯಲ್ಲಿದ್ದ ಹೆಂಗಸರೂ ನಕ್ಕರು. ಅಂಜನಾ ಮೊಗ್ಗು ಆರಿಸಿ ಕೊಡುತ್ತ, ನಡುನಡುವೆ ಪಿನ್ನು ಹಾಕುತ್ತ, ಅತ್ತೆಯ ಬೆರಳುಗಳ ವೇಗ ನೋಡಿ ತನ್ನ ಚಿಂತೆಯನ್ನೇ ಮರೆತಳು.

ಜಡೆಯ ತುದಿಗೆ ಕುಚ್ಚು ಕಟ್ಟುವ ಹೊತ್ತಿಗೆ ಹೊರಗೆ ಬೈಕಿನ ಸದ್ದಾಯಿತು. ಸುನೀಲಕುಮಾರ ಹುಮನಾಬಾದಿನ ಈಚೆಗೇ ಬಸ್ಸು ಹಿಡಿದಿದ್ದ. ಕಂಡಕ್ಟರನೇ ಎರಡೂ ಪೆಟ್ಟಿಗೆಗಳನ್ನು ಕೆಳಗಿಳಿಸಿ, ಹಿಂದಿನ ಸೀಟಿಗೆ ಹಗ್ಗ ಬಿಗಿದು ಕೊಟ್ಟನಂತೆ. ಅಂಜನಾ ಮುಚ್ಚಳ ತೆರೆದಳು. ಒಂದು ಬ್ರಷ್ಷೂ ಜಾಗ ಬಿಟ್ಟು ಸರಿದಿರಲಿಲ್ಲ, ಒಂದು ಚಿಟಿಕೆ ಪೌಡರೂ ಚೆಲ್ಲಿರಲಿಲ್ಲ. ನಕ್ಕು ನಕ್ಕು ಮದುಮಗಳ ಮುಖ ಆಗಲೇ ಅರಳಿತ್ತು. ಹಗುರಾಗಿ ಬಣ್ಣ, ತೆಳುವಾಗಿ ಕಾಡಿಗೆ, ಇಷ್ಟೇ ಸಾಕೆಂದು ಅಂಜನಾಗೆ ಅನ್ನಿಸಿತು. ಅಷ್ಟನ್ನೇ ಮನಸ್ಸಿಟ್ಟು ಮಾಡಿದಳು.

ನಾಗರತ್ನಾ ಹಂದರಕ್ಕೆ ಬಂದಾಗ ಮುಂದಿದ್ದವರು ಅವಳ ಮುಖ ನೋಡಿದರು, ಹಿಂದಿದ್ದವರು ಜಡೆ ನೋಡಲು ಎದ್ದು ನಿಂತರು. ಅಕ್ಷತೆ ಬಿದ್ದಿತು. ಅವಳು ತಲೆಯೆತ್ತಿ ಗಂಡನನ್ನು ನೇರವಾಗಿ ನೋಡಿ ಮುಗುಳ್ನಕ್ಕಳು.

ಊಟದ ಪಂಕ್ತಿಯಲ್ಲಿ ವರನ ಸೋದರತ್ತೆಯೊಬ್ಬರು ಇವರನ್ನು ಹುಡುಕಿಕೊಂಡು ಬಂದರು. ಮುಂದಿನ ಶುಕ್ರವಾರ ಕಲಬುರಗಿಯ ನೆಹರು ಗಂಜ್‌ನಲ್ಲಿರುವ ತಮ್ಮ ಮನೆಯಲ್ಲಿ ಮಗಳ ಸೀಮಂತವಿದೆ, ಇಂಥದೇ ಜಡೆ ಆಗಬೇಕು ಎಂದರು. ಅಂದು ಬೇರೆ ಕೆಲಸ ಇದೆಯೋ ಏನೋ ಎಂದು ಅಂಜನಾ ನೆನಪಿಸಿಕೊಳ್ಳುವಷ್ಟರಲ್ಲಿ ಅಂಬಮ್ಮ ತುಪ್ಪದ ಕೈ ಎತ್ತಿ ಹೇಳಿಬಿಟ್ಟರು:

"ಬರ್ತೀವ್ರಿ. ಸೊಸಿ ಮಾರಿ ನೋಡ್ಕೊತಾಳ, ನಾ ಜಡಿ ನೋಡ್ಕೊತೀನಿ."

ಅಂಜನಾಗೆ ನಗು ತಡೆಯಲಾಗಲಿಲ್ಲ. ಬಡಿಸುವವನನ್ನು ಕರೆದು ಅತ್ತೆಯ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದಳು. ಬೇಡವೆನ್ನುತ್ತಲೇ ಅಂಬಮ್ಮ ಅದನ್ನು ಮುರಿದು, ಅರ್ಧವನ್ನು ಸೊಸೆಯ ಎಲೆಯ ಮೇಲಿಟ್ಟರು.