ಮೇವಿಸಳ ಒಕ್ಕಣೆ ಎಂಜಿನ್ನು

ನಾರ್ಫಕ್‌ನ ಒಂದು ಹಳ್ಳಿಯ ಅಂಚೆ ಕಚೇರಿಯಲ್ಲಿ ಸ್ಟಾಂಪು ಮಾರುತ್ತಿದ್ದ ಮೇವಿಸ್‌ಗೆ ಐವತ್ತು ತುಂಬಿದ ವರ್ಷ, ರೈತನೊಬ್ಬನ ಕೊಟ್ಟಿಗೆಯ ಹಿಂದಿನ ಮುಳ್ಳುಪೊದೆಯಲ್ಲಿ ತುಕ್ಕು ಹಿಡಿದ ಉಗಿ ಎಂಜಿನ್ನೊಂದು ಕಣ್ಣಿಗೆ ಬಿತ್ತು. ಅದರ ಬೆಂಕಿಗೂಡಿನಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದವು.

"ಲೆನ್, ಇದು ನಮ್ಮದೇ ಕಣೋ!" ಎಂದಳು ಗಂಡನಿಗೆ. "ಯುದ್ಧದ ಕಾಲದಲ್ಲಿ ನಾವು ಹುಡುಗೀರು ಒಕ್ಕಣೆಗೆ ಅಂತ ಊರೂರು ತಗೊಂಡು ಹೋಗ್ತಿದ್ವಲ್ಲ, ಅದೇ!"

ಆಗ ಅವಳಿಗೆ ಇಪ್ಪತ್ತು. ಗಂಡಸರು ಸೈನ್ಯಕ್ಕೆ ಹೋಗಿ, ಹೊಲದ ಕೆಲಸಕ್ಕೆ ಹುಡುಗಿಯರು ಬಂದಿದ್ದರು. ಒಕ್ಕಣೆ ಯಂತ್ರದ ಮೇಲೆ ನಿಂತು ಗೋಧಿ ಸಿವುಡುಗಳ ಕಟ್ಟು ಕೊಯ್ಯುವುದು ಅವಳ ಪಾಲಿನ ಕೆಲಸ. ಕಣ್ಣು ಮೂಗೆಲ್ಲ ಹೊಟ್ಟು. ಎಂಜಿನ್ ನಡೆಸುತ್ತಿದ್ದ ಪರ್ಸಿ ಗಾಟ್ಸ್ ಹುಡುಗಿಯರನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಶನಿವಾರ ಎಂಜಿನ್ನಿನ ಹಿತ್ತಾಳೆ ಫಲಕ ಉಜ್ಜಲು ಮಾತ್ರ ಮೇವಿಸ್‌ಗೆ ಅಪ್ಪಣೆ. ಅದರ ಮೇಲಿದ್ದ ೨೭೪೧ ಎಂಬ ನಂಬರು ಅವಳಿಗೆ ಬಾಯಿಪಾಠವಾಗಿತ್ತು. ಈಗ ಸಿಕ್ಕ ಎಂಜಿನ್ನಿನ ಫಲಕವನ್ನು ಯಾರೋ ಕಿತ್ತೊಯ್ದಿದ್ದರು.

ರೈತನಿಂದ ಕೊಂಡು ಎಳೆಸಿ ತಂದ ಎಂಜಿನ್ನು ಲೆನ್‌ನ ಹುರುಳಿಕಾಯಿ ಮಡಿಯ ಮೇಲೆಯೇ ಬಂದು ನಿಂತಿತು. ಬಾಯ್ಲರಿನ ಕೊಳವೆಗಳನ್ನೆಲ್ಲ ಬದಲಿಸಬೇಕಾಯಿತು. ತುಕ್ಕು ಕೆರೆಯುವುದರಲ್ಲೇ ಎರಡು ಚಳಿಗಾಲ ಕಳೆದವು. ಸುದ್ದಿ ತಿಳಿದ ಗಾಟ್ಸ್ ಪ್ರತಿ ಭಾನುವಾರ ಬರತೊಡಗಿದ. ಎಂಬತ್ತು ದಾಟಿದ್ದರೂ ನಾಲಿಗೆ ಮೊಂಡಾಗಿರಲಿಲ್ಲ.

"ಏ ಹುಡುಗಿ, ಅದೇನು ಸಾರಿನ ಪಾತ್ರೇನಾ, ಹಂಗೆ ತಿಕ್ತೀಯಲ್ಲ?"

"ಹಾಗಾದ್ರೆ ನೀವೇ ಬಂದು ತಿಕ್ಕಿ, ಗಾಟ್ಸ್ ಅವ್ರೇ. ಕೂತ್ಕೊಂಡು ಕೇಕು ತಿನ್ನೋಕೆ ಯಾರಿಗ್ ಬರಲ್ಲ!"

ಮೂರನೆಯ ವಸಂತದಲ್ಲಿ ಒಂದು ದಿನ ಅವಳು ಚಕ್ರ ತಿರುಗಿಸುವ ದಂಡದ ತುದಿಯ ಹಳೇ ಬಣ್ಣ ಕೆರೆಯುತ್ತಿದ್ದಾಗ ಕಬ್ಬಿಣದಲ್ಲಿ ಒತ್ತಿದ ಎಂಜಿನ್ ನಂಬರಿನ ಅಂಕಿಗಳು ಕಂಡವು. ೨೭೬೮. ಮತ್ತೆ ಒರೆಸಿ ನೋಡಿದಳು. ೨೭೪೧ ಅಲ್ಲವೇ ಅಲ್ಲ.

"ಇದು ನಮ್ಮದಲ್ಲ," ಎಂದಳು.

ಗಾಟ್ಸ್ ಚಹಾದ ಬಟ್ಟಲು ಕೆಳಗಿಟ್ಟ. "ಗೊತ್ತು."

"ಗೊತ್ತಾ? ಯಾವಾಗಿಂದ?"

"ಮೊದಲ ದಿನದಿಂದ. ನಮ್ಮದನ್ನ ಐವತ್ತೊಂದನೇ ಇಸವೀಲಿ ಗುಜರಿಗೆ ನಾನೇ ನಡೆಸ್ಕೊಂಡು ಹೋಗಿ ಬಿಟ್ಟೆ. ವಾಪಸ್ ಹನ್ನೊಂದು ಮೈಲಿ ನಡ್ಕೊಂಡೇ ಬಂದೆ. ಬಸ್ಸಲ್ಲಿ ಯಾರ ಮುಖಾನೂ ನೋಡೋ ಹಂಗಿರಲಿಲ್ಲ."

"ಮೂರು ವರ್ಷ ಬಾಯಿ ಮುಚ್ಕೊಂಡಿದ್ರಲ್ರೀ!"

"ಹೇಳಿದ್ರೆ ನೀನು ಇದನ್ನ ಮುಟ್ತಿದ್ಯಾ? ನನಗೆ ಭಾನುವಾರ ಬರೋಕೆ ಜಾಗ ಎಲ್ಲಿರ್ತಿತ್ತು?"

ಮೇವಿಸ್ ಒಳಗೆ ಹೋದಳು. ಎರಡು ವಾರ ಎಂಜಿನ್ನಿನ ಕಡೆ ತಿರುಗಿಯೂ ನೋಡಲಿಲ್ಲ. ಆಮೇಲೆ ಲೆನ್, "ಇಷ್ಟು ದೂರ ಬಂದಿದೀಯ, ಒಂದ್ಸಲ ಬೆಂಕಿಯಾದ್ರೂ ಹಚ್ಚಿ ನೋಡೇ," ಎಂದು ತಾನೇ ಕಲ್ಲಿದ್ದಲು ತಂದು ಸುರಿದ. ಗಾಟ್ಸ್‌ನನ್ನು ಕರೆತರಲು ಮೇವಿಸ್ ಅವನನ್ನೇ ಕಳಿಸಿದಳು.

ಬೆಳಗ್ಗೆ ಹಚ್ಚಿದ ಬೆಂಕಿಗೆ ಮಧ್ಯಾಹ್ನದ ಹೊತ್ತಿಗೆ ಉಗಿ ಏರಿತು. ಬಿಸಿ ಎಣ್ಣೆ, ಹೊಗೆ, ಒದ್ದೆ ಬೂದಿಯ ವಾಸನೆ ಒಟ್ಟಾಗಿ ಮೂಗಿಗೆ ಬಡಿದದ್ದೇ ತಡ, ಮೇವಿಸ್‌ಗೆ ಮೆದೆಯ ನೆರಳು, ಬಾಟಲಿಯಲ್ಲಿ ಆರಿಹೋದ ಚಹಾ, ತಲೆವಸ್ತ್ರ ಕೊಡವುತ್ತ ನಗುತ್ತಿದ್ದ ಹುಡುಗಿಯರು, ಎಲ್ಲ ಎದುರಿಗೇ ಬಂದಂತಾಯಿತು. ನಂಬರು ಯಾವುದಾದರೇನು, ವಾಸನೆ ಅದೇ.

"ಅಳ್ತಿದೀಯೇನೇ?" ಎಂದ ಗಾಟ್ಸ್, ಹಿಡಿಯ ಮೇಲೆ ಕೈಯಿಟ್ಟು.

"ಹೊಗೆ ಕಣ್ರೀ."

"ನಂಗೂ ಹೊಗೆನೇ. ಚಕ್ರ ನೀನು ತಿರುಗಿಸು, ನಡೆಸೋದು ನಾನು. ಬೇಲಿಗೆ ಗುದ್ದಬೇಡ."

ಎಂಜಿನ್ನು ಒಮ್ಮೆ ಮೈ ಮುರಿದು, ಗಡಗಡ ಎನ್ನುತ್ತ ಚರ್ಚಿನ ದಾರಿ ಹಿಡಿಯಿತು.