ಸೊನ್ನೆ ಬಿದ್ದ ಸಾಲು

ಆ ಆಸ್ಪತ್ರೆಯಲ್ಲಿ ಯಾರ ಕಂಪ್ಯೂಟರ್ ಕೈಕೊಟ್ಟರೂ ಅವನು ಕೇಳುತ್ತಿದ್ದ ಮೊದಲ ಮಾತು, "ಪ್ಲಗ್ ಹಾಕಿದೀರಾ?" ಹತ್ತರಲ್ಲಿ ಆರು ಸಲ ಹಾಕಿರುತ್ತಿರಲಿಲ್ಲ. ಹಾಗಾಗಿ ದೊಡ್ಡ ಡಾಕ್ಟರಿಂದ ಹಿಡಿದು ಗೇಟ್ ಕಾಯುವವನ ತನಕ ಎಲ್ಲರಿಗೂ ಅವನು ಪ್ಲಗ್ಗಣ್ಣ. ಕೆಲಸದಲ್ಲಿ ಚುರುಕು. ಇನ್ನೊಬ್ಬರ ಮಾತು ಕೇಳುವುದರಲ್ಲಿ ಮಾತ್ರ ಸ್ವಲ್ಪ ಮೊಂಡ.

ಆಸ್ಪತ್ರೆಯ ಫೈರ್‌ವಾಲ್‌ಗೆ ಹೊಸ ಸಾಫ್ಟ್‌ವೇರ್ ಹಾಕುವ ದಿನ ಬಂತು. ಫೈರ್‌ವಾಲ್ ಅಂದ ಕೂಡಲೇ ಗಾಬರಿಯಾಗಬೇಡಿ. ಅದು ಕಂಪ್ಯೂಟರುಗಳ ನಡುವೆ ಕೂತ ಕಾವಲುಗಾರ, ಅಷ್ಟೇ. ಯಾವ ಮಾಹಿತಿ ಎಲ್ಲಿಂದ ಎಲ್ಲಿಗೆ ಹೋಗಬಹುದು ಎಂಬ ಪಟ್ಟಿ ಅದರ ಹತ್ತಿರ ಇರುತ್ತದೆ. ಪಟ್ಟಿಯಲ್ಲಿ ಇಲ್ಲದ್ದನ್ನು ಅದು ಜಪ್ಪಯ್ಯ ಅಂದರೂ ಬಿಡುವುದಿಲ್ಲ. ಸಾಫ್ಟ್‌ವೇರ್ ಬದಲಾದಾಗ ಹಳೆಯ ಪಟ್ಟಿಯನ್ನು ಹೊಸದಕ್ಕೆ ಸಾಗಿಸಬೇಕು. ಪ್ಲಗ್ಗಣ್ಣನ ಪಟ್ಟಿಯಲ್ಲಿ ಇನ್ನೂರು ಚಿಲ್ಲರೆ ಸಾಲುಗಳಿದ್ದವು. ಕಳೆದ ಮೂರು ತಿಂಗಳಲ್ಲಿ ಯಾವ ಸಾಲು ಎಷ್ಟು ಸಲ ಬಳಕೆಯಾಗಿದೆ ಎಂದು ಪಕ್ಕದಲ್ಲೇ ಕಾಣುತ್ತಿತ್ತು. ನಲವತ್ತು ಸಾಲುಗಳ ಪಕ್ಕ ಸೊನ್ನೆ.

"ಇವೆಲ್ಲ ಹಳೇ ಕಸ. ಹೊಸದಕ್ಕೂ ಯಾಕೆ ಹೊತ್ಕೊಂಡು ಹೋಗ್ಬೇಕು?" ಅಂದ.

ರಕ್ತ ಪರೀಕ್ಷೆ ಮಾಡುವ ಲ್ಯಾಬಿನ ಅಕ್ಕ ಅಲ್ಲೇ ನಿಂತಿದ್ದಳು.

"ತಮ್ಮಾ, ಬಳಸಿಲ್ಲ ಅಂದ್ರೆ ಬೇಡ ಅಂತ ಅರ್ಥ ಅಲ್ಲ ಕಣೋ. ಯಾವುದು ಯಾರದ್ದು ಅಂತ ನನಗೂ ನೆನಪಿಲ್ಲ. ಪ್ರಿಂಟ್ ತೆಗೆದು ಎಲ್ಲಾ ವಾರ್ಡಿಗೂ ಕಳ್ಸು, ಅವರೇ ಹೇಳ್ತಾರೆ."

"ಅವರನ್ನ ಕೇಳಿದ್ರೆ ಮುಂದಿನ ವರ್ಷ ಉತ್ತರ ಬರುತ್ತೆ, ಅಕ್ಕಾ!"

"ಹೋಗ್ಲಿ, ಹಾಕಿದ ಮೇಲಾದ್ರೂ ಒಂದೊಂದೇ ಪರೀಕ್ಷೆ ಮಾಡ್ತೀಯಾ?"

"ಸಂಜೆಯೊಳಗೆ ಮುಗಿಸ್ಬೇಕು. ನೀವು ನಿಮ್ಮ ಟ್ಯೂಬ್ ನೋಡ್ಕೊಳ್ಳಿ, ಇದನ್ನ ನನಗೆ ಬಿಡಿ."

ಅಕ್ಕ ಲ್ಯಾಬಿಗೆ ಹೊರಟಳು. ನಲವತ್ತು ಸಾಲುಗಳೂ ಹಿಂದೆಯೇ ಉಳಿದವು. ಮರುದಿನ ಎಕ್ಸ್-ರೇ ಬಂತು, ಔಷಧಿ ಚೀಟಿ ಬಂತು, ಎಲ್ಲವೂ ಸುಸೂತ್ರ. ಪ್ಲಗ್ಗಣ್ಣ ತನ್ನ ಬೆನ್ನು ತಾನೇ ತಟ್ಟಿಕೊಂಡ.

ಎರಡನೇ ಮಹಡಿಯ ವಾರ್ಡಿನಲ್ಲಿ ಅವನ ಚಿಕ್ಕಮ್ಮ ಇದ್ದಳು, ಮೂತ್ರಪಿಂಡದ ತೊಂದರೆ. ತಾಯಿಯಿಲ್ಲದ ಅವನನ್ನು ಸಾಕಿ ಬೆಳೆಸಿದವಳು. ಮಾತಿನ ಮಲ್ಲಿ. ಅವನು ಬಾಗಿಲಲ್ಲಿ ಕಂಡರೆ ಸಾಕು, "ಬಂದ್ಯಾ ದೊರೆ? ನನ್ನ ಮಂಚಕ್ಕೆ ಪ್ಲಗ್ ಹಾಕಿದೆಯಾ ನೋಡು" ಎಂದು ವಾರ್ಡನ್ನೆಲ್ಲ ನಗಿಸುತ್ತಿದ್ದಳು.

ನಾಲ್ಕನೇ ದಿನ ಬೆಳಿಗ್ಗೆ ಅವಳ ರಕ್ತದಲ್ಲಿ ಪೊಟ್ಯಾಸಿಯಂ ಅಪಾಯದ ಮಟ್ಟ ದಾಟಿತ್ತು. ಅಂಥ ವರದಿ ಬಂದಾಗ ಲ್ಯಾಬಿನ ಯಂತ್ರವೇ ನರ್ಸ್‌ಗಳ ಮೇಜಿಗೆ ಸುದ್ದಿ ಕಳಿಸುತ್ತಿತ್ತು, ಅಲ್ಲಿ ಗಂಟೆ ಬಾರಿಸುತ್ತಿತ್ತು. ಮೂರು ತಿಂಗಳಿಂದ ಆ ವಾರ್ಡಿನಲ್ಲಿ ಅಂಥ ವರದಿಯೇ ಬಂದಿರಲಿಲ್ಲ. ಹಾಗಾಗಿ ಆ ಸುದ್ದಿಗೆ ದಾರಿ ಬಿಡುವ ಸಾಲಿನ ಪಕ್ಕ ಸೊನ್ನೆ ಇತ್ತು. ಲ್ಯಾಬಿನ ಪರದೆ 'ಕಳಿಸಲಾಗಿದೆ' ಎಂದಿತು. ಫೈರ್‌ವಾಲ್ ನಡುವೆಯೇ ತಡೆಯಿತು. ಗಂಟೆ ಬಾರಿಸಲಿಲ್ಲ.

ಒಂದೂವರೆ ಗಂಟೆ ಕಳೆದ ಮೇಲೆ ಚಿಕ್ಕಮ್ಮನ ಹೃದಯ ನಿಂತಿತು. ಡಾಕ್ಟರುಗಳು ಓಡಿ ಬಂದು ಹೇಗೋ ಜೀವ ಉಳಿಸಿದರು. ಮಾತು ಉಳಿಯಲಿಲ್ಲ.

"ನಾನೂ ಒಂದು ಫೋನ್ ಮಾಡ್ಬೇಕಿತ್ತು ಕಣೋ," ಎಂದು ಲ್ಯಾಬಿನ ಅಕ್ಕ ಕಣ್ಣೊರೆಸಿಕೊಂಡಳು.

"ಇಲ್ಲ ಅಕ್ಕಾ. ನೀವು ಹೇಳಿದ್ರಿ. ನಾನೇ ಕೇಳ್ಲಿಲ್ಲ."

ಹಳೆಯ ಪಟ್ಟಿಯ ಪ್ರತಿ ಇತ್ತು. ಅದೇ ದಿನ ಆ ಸಾಲನ್ನು ಮತ್ತೆ ಸೇರಿಸಿದ. ಏನು ಪ್ರಯೋಜನ ಹೇಳಿ? ಈಗ ಅವನು ಪಟ್ಟಿ ಹಿಡಿದು ವಾರ್ಡಿಂದ ವಾರ್ಡಿಗೆ ಅಲೆಯುತ್ತಾನೆ. ಈ ಸಾಲು ಯಾರು ಕೇಳಿದ್ದು, ಯಾಕೆ, ಕೊನೆಗೆ ಪರೀಕ್ಷಿಸಿದ್ದು ಯಾವತ್ತು, ಎಲ್ಲ ಬರೆದುಕೊಳ್ಳುತ್ತಾನೆ. ಕೆಲಸ ಮುಗಿದ ಮೇಲೆ ಚಿಕ್ಕಮ್ಮನ ಪಕ್ಕ ಕೂರುತ್ತಾನೆ.

"ಬೈಯಿ ಚಿಕ್ಕಮ್ಮಾ. ಒಂದ್ಸಲ ಬೈದ್ಬಿಡು."

ಅವಳು ತುಟಿ ಅಲ್ಲಾಡಿಸುತ್ತಾಳೆ. ಆಮೇಲೆ ಅವನ ಕೈ ಸವರುತ್ತಾಳೆ.

ಕಂಪ್ಯೂಟರ್ ನೋಡಿಕೊಳ್ಳುವ ಅಣ್ಣಂದಿರೇ, ಅಕ್ಕಂದಿರೇ, ಹೊಸ ಸಾಫ್ಟ್‌ವೇರ್ ಹಾಕಿ, ಬೇಡ ಅನ್ನುವವರು ಯಾರು? ಹಾಕುವ ಮೊದಲು ಹಳೆಯ ಪಟ್ಟಿಯ ಪ್ರತಿ ಇಟ್ಟುಕೊಳ್ಳಿ. ಹಾಕಿದ ಮೇಲೆ ಅಪರೂಪದ ದಾರಿಯನ್ನೂ ಒಮ್ಮೆ ಪರೀಕ್ಷಿಸಿ, ಗಂಟೆ ಬಾರಿಸಿದ್ದನ್ನು ಕಿವಿಯಾರೆ ಕೇಳಿಸಿಕೊಳ್ಳಿ. ಇನ್ನು ಆ ಸೊನ್ನೆಯ ಸಾಲುಗಳು: ಅವುಗಳನ್ನು ನೆಚ್ಚಿಕೊಂಡು ಯಾರ ಚಿಕ್ಕಮ್ಮ ಮಲಗಿದ್ದಾಳೋ, ದಯವಿಟ್ಟು ಕೇಳಿಕೊಂಡು ಬಂದು ಆಮೇಲೆ ಅಳಿಸಿ.